ಅಮೆರಿಕಕ್ಕೆ ಹೊಡೆದ ಗರ್ನಾಲು

ಚಂಪಾಷಷ್ಠಿಯ ಹೊತ್ತಿಗೆ ಅರ್ಜಿ ಹಾಕಬೇಕು. ಬಿಸುವಿನ ಹೊತ್ತಿಗೆ ಹೌದೋ ಅಲ್ಲವೋ ಹೇಳಬೇಕು. ಪತ್ತನಾಜೆಗೆ ಎಲ್ಲ ಮುಗಿದು ಗಂಟುಮೂಟೆ ಕಟ್ಟಬೇಕು. ಇಷ್ಟು ಹೇಳಿದರೆ ನಮ್ಮ ಜಾಲ್ಸೂರಿನ ಯಾರೇ ಆದರೂ ಇದು ಯಾವುದೋ ಯಕ್ಷಗಾನ ಮೇಳದ ಸಂಗತಿ ಎಂದುಕೊಳ್ಳುತ್ತಾರೆ. ಈ ವರ್ಷ ಭಾಗವತರು ಯಾರು ಎಂದು ಕೇಳಿಯೂ ಬಿಡುತ್ತಾರೆ. ಆದರೆ ನಾನು ಹೇಳುತ್ತಿರುವುದು ಅಮೆರಿಕದ ವಿಶ್ವವಿದ್ಯಾಲಯಗಳ ಪಂಚಾಂಗ. ಅಲ್ಲಿ ಬಹಳಷ್ಟು ಕಡೆ ಎಂ.ಎಸ್., ಪಿಎಚ್.ಡಿ.ಗಳ ಅರ್ಜಿಗೆ ಗಡುವು ಡಿಸೆಂಬರ್ 1, ಡಿಸೆಂಬರ್ 15 ಎಂದು ಬರುತ್ತದೆ, ಸುಬ್ರಹ್ಮಣ್ಯದಲ್ಲಿ ತೇರು ಎಳೆಯುವ ಆಸುಪಾಸು. ಹಣದ ಸಹಾಯ ಕೊಟ್ಟು ಕರೆಯುವ ಅನೇಕ ವಿಶ್ವವಿದ್ಯಾಲಯಗಳು ಉತ್ತರಕ್ಕೆ ಏಪ್ರಿಲ್ 15ರ ತನಕ ಕಾಯುತ್ತವೆ. ನಮಗೆ ಅದು ಬಿಸು ಕಣಿಯ ದಿನ, ಇಲ್ಲದಿದ್ದರೆ ಅದರ ಮರುದಿನ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ ಏಪ್ರಿಲ್ 10ಕ್ಕೆ ಶುರುವಾಗಿ ನಡೆಯುತ್ತಿರುತ್ತದೆ, 17ಕ್ಕೆ ಬ್ರಹ್ಮರಥ. ಅಮೆರಿಕದವರು ನಮ್ಮ ಕಡೆಯ ಯಾರನ್ನೋ ಕೇಳಿಯೇ ದಿನ ಇಟ್ಟಿದ್ದಾರೆ ಎನ್ನುವುದು ನನ್ನ ಅಪ್ಪನ ಗಟ್ಟಿ ನಂಬಿಕೆ.

ಈ ಪಂಚಾಂಗದ ಪರಿಚಯ ನಮ್ಮ ಮನೆಗೆ ಆದದ್ದು ಅಣ್ಣನ ಮಗಳಿಂದ. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಅದನ್ನು ಬಿಟ್ಟು ಮನೆಗೆ ಬಂದು "ನಾನು ಹೊರಗೆ ಓದುತ್ತೇನೆ" ಎಂದಳು. "ಹೊರಗೆ ಯಾಕೆ, ಸೆಕೆ. ಚಾವಡಿಯಲ್ಲಿ ಫ್ಯಾನಿನ ಅಡಿ ಕೂತು ಓದು" ಎಂದರು ಅಪ್ಪ.

ಅಪ್ಪನ ಕಾಲದಲ್ಲಿ ಹೊರಗೆ ಓದುವುದೆಂದರೆ ಪುತ್ತೂರು, ಬಹಳವಾದರೆ ಮಂಗಳೂರು. 1960ರಲ್ಲಿ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಕಾಲೇಜು ಆದಾಗ ಅದೇ ನಮ್ಮವರಿಗೆ ಪರದೇಶ. ಎಂಬತ್ತರ ದಶಕದಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲೇ ಇಂಜಿನಿಯರಿಂಗ್ ಕಾಲೇಜು ಶುರು ಮಾಡಿದ ಮೇಲೆ ಬುತ್ತಿ ಕಟ್ಟಿಕೊಂಡು ಹೋಗಿ, ಇಂಜಿನಿಯರಾಗಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರುವ ಸೌಕರ್ಯ ಬಂತು. ಇಷ್ಟು ಹತ್ತಿರಕ್ಕೆ ತಂದುಕೊಟ್ಟ ಮೇಲೂ ಮಕ್ಕಳು ಸಮುದ್ರ ದಾಟಬೇಕೆನ್ನುವುದು ಅಪ್ಪನಿಗೆ ಅರ್ಥವೇ ಆಗುವುದಿಲ್ಲ. ಅವರ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಉಂಟು. ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು. ಆಮೇಲೆ ವಿಶ್ವವಿದ್ಯಾಲಯಗಳೇ ಅವರನ್ನು ಕರೆದು ಡಾಕ್ಟರೇಟ್ ಕೊಟ್ಟವು. "ನೀನು ಸುಮ್ಮನೆ ಕೂತರೆ ಅವರೇ ಬರುತ್ತಾರೆ" ಎಂದು ಅಪ್ಪ ಮೊಮ್ಮಗಳಿಗೆ ಹೇಳಿದರು. ಸುಮ್ಮನೆ ಕೂರುವುದಕ್ಕೂ ಕಾರಂತರಿಗೂ ಏನೇನೂ ಸಂಬಂಧವಿಲ್ಲ ಎಂದು ಹೇಳಲು ಮನೆಯಲ್ಲಿ ಯಾರಿಗೂ ಧೈರ್ಯವಾಗಲಿಲ್ಲ.

ಅರ್ಜಿ ಎಂದರೆ ನಮಗೆ ಗೊತ್ತಿರುವುದು ಗ್ರಾಮ ಪಂಚಾಯತಿಗೆ ಕೊಡುವ ಬಿಳಿ ಹಾಳೆ. 'ಮಾನ್ಯರೇ' ಎಂದು ಶುರು ಮಾಡಿ 'ಇಂತಿ ತಮ್ಮ ವಿಶ್ವಾಸಿ' ಎಂದು ಮುಗಿಸಿದರೆ ಆಯಿತು. ನಡುವೆ ಏನು ಬರೆದರೂ ಕೆಲಸ ಆಗುವುದು ಅದರ ಕಾಲಕ್ಕೆ. ಹುಡುಗಿಯ ಅರ್ಜಿ ಹಾಗಿರಲಿಲ್ಲ. ತಾನು ಯಾರು, ಯಾಕೆ ಓದಬೇಕು, ಆ ವಿಶ್ವವಿದ್ಯಾಲಯವೇ ಯಾಕೆ ಆಗಬೇಕು ಎಂದು ಎರಡು ಪುಟ ಬರೆಯಬೇಕು. ಎಂಟ್ಹತ್ತು ಕಡೆ ಹಾಕುವಾಗ ಎಂಟ್ಹತ್ತು ಕಡೆಯವರಿಗೂ 'ನನಗೆ ನೀವೇ ಆಗಬೇಕು' ಎನ್ನಬೇಕು. ಇದು ಅಮ್ಮನಿಗೆ ಸರಿ ಕಾಣಲಿಲ್ಲ. "ಅವರು ಅವರೊಳಗೆ ಮಾತಾಡಿಕೊಂಡರೆ?" ಎಂದು ಕೇಳಿದರು. ಅಮೆರಿಕ ದೊಡ್ಡ ದೇಶ ಎಂದು ಸಮಾಧಾನ ಹೇಳಿದೆವು. ಸುಳ್ಯ ತಾಲೂಕಿನಲ್ಲಿ ಈ ಮೋಸ ಮಧ್ಯಾಹ್ನದೊಳಗೆ ಹೊರಬೀಳುತ್ತಿತ್ತು.

ಬರೆದದ್ದು ಚೆನ್ನಾಗಿತ್ತು. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋದದ್ದನ್ನು ನೋಡುತ್ತಾ ಬೆಳೆದವಳು. ಸೋಗೆಯ ಚಿತ್ರ ತೆಗೆದು ರೋಗವನ್ನು ಮೊದಲೇ ಗುರುತಿಸುವ ಕಂಪ್ಯೂಟರ್ ವಿದ್ಯೆ ಕಲಿಯಬೇಕು ಎಂದು ಬರೆದಿದ್ದಳು. ಕನ್ನಡದಲ್ಲಿ ಓದಿ ಹೇಳಿದಾಗ ಅಪ್ಪ ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ರೋಗ ಗುರುತಿಸಲು ಅಮೆರಿಕ ಯಾಕೆ, ನಾನು ಗೇಟಿನಲ್ಲಿ ನಿಂತು ಹೇಳುತ್ತೇನೆ. ಮದ್ದು ಕಂಡುಹಿಡಿಯುವ ಕಾಲೇಜು ಉಂಟಾ ಕೇಳು" ಎಂದರು. ಕಾಸರಗೋಡಿನ, ವಿಟ್ಲದ ಸಿಪಿಸಿಆರ್‌ಐ ವಿಜ್ಞಾನಿಗಳು ದಶಕಗಳಿಂದ ತಲೆಕೆಡಿಸಿಕೊಂಡಿರುವ ಪ್ರಶ್ನೆ ಅದು. ಹುಡುಗಿ ಅದನ್ನೂ ಒಂದು ವಾಕ್ಯದಲ್ಲಿ ಸೇರಿಸಿದಳು. ಇಡೀ ಅರ್ಜಿಯಲ್ಲಿ ಅದೇ ಒಳ್ಳೆಯ ವಾಕ್ಯ.

ಇದಲ್ಲದೆ ಮೂರು ಮಂದಿ ಮೇಷ್ಟ್ರುಗಳ ಶಿಫಾರಸು ಪತ್ರ ಬೇಕು. ಕೇಳಲು ಹೋದರೆ ಒಬ್ಬರು, "ನೀನೇ ಬರೆದು ತಾ, ನಾನು ನೋಡಿ ಹಾಕುತ್ತೇನೆ" ಎಂದರಂತೆ. ನಮ್ಮ ಕಡೆಯ ಮಕ್ಕಳಿಗೆ ತಮ್ಮನ್ನು ತಾವು ಹೊಗಳಿಕೊಳ್ಳಲು ಯಾರೂ ಕಲಿಸಿಲ್ಲ. ಹುಡುಗಿ ಎರಡು ದಿನ ತಿಣುಕಿ 'ತೊಂದರೆ ಇಲ್ಲದ ವಿದ್ಯಾರ್ಥಿನಿ' ಎಂಬಲ್ಲಿಗೆ ಬಂದು ನಿಂತಳು. ಕೊನೆಗೆ ಅತ್ತಿಗೆ ಪಕ್ಕದಲ್ಲಿ ಕೂತು ಹೇಳಿ ಬರೆಸಿದರು. ಆ ಪತ್ರ ಓದಿದ ಮೇಷ್ಟ್ರು ಇಷ್ಟು ಬುದ್ಧಿವಂತೆ ತನ್ನ ಕ್ಲಾಸಿನಲ್ಲಿ ಇದ್ದದ್ದೇ ಗೊತ್ತಾಗಲಿಲ್ಲವಲ್ಲ ಎಂದು ನಿಜವಾಗಿ ಬೇಸರಪಟ್ಟರಂತೆ.

ಒಂದೊಂದು ಅರ್ಜಿಗೆ 75ರಿಂದ 125 ಡಾಲರ್ ತನಕ ಶುಲ್ಕ. ಡಾಲರನ್ನು ರೂಪಾಯಿಗೆ ಬದಲಿಸಿ ಹೇಳಿದರೆ ಅಪ್ಪನಿಗೆ ಹಿಡಿಯುವುದಿಲ್ಲ. ರೂಪಾಯಿಯನ್ನು ಮತ್ತೆ ಚಾಲಿ ಅಡಿಕೆಗೆ ಬದಲಿಸಬೇಕು. ಒಂದು ಅರ್ಜಿಗೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋ. ಸೀಟು ಸಿಗದಿದ್ದರೂ ಆ ಇಪ್ಪತ್ತು ಕಿಲೋ ವಾಪಸ್ ಬರುವುದಿಲ್ಲ ಎಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ವ್ಯಾಪಾರ ಅಂದರೆ ಹಾಗಿರಬೇಕು" ಎಂದು ತಲೆದೂಗಿದರು. ಅವರಿಗೆ ಅಮೆರಿಕದ ಮೇಲೆ ಮೊದಲ ಸಲ ಗೌರವ ಹುಟ್ಟಿದ್ದು ಆವಾಗ.

ಇನ್ನು ಕಾಯುವ ಕೆಲಸ. ಕಾಯುವುದರಲ್ಲಿ ನಮ್ಮ ಊರು ಪಳಗಿದ ಊರು. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯಕ್ಕೆ ಏಳೆಂಟು ಕಿಲೋಮೀಟರ್ ಇರುವಾಗ, ಕಾಸರಗೋಡಿನ ರಸ್ತೆ ಕವಲೊಡೆಯುವ ಜಾಗ ಜಾಲ್ಸೂರು. ಪೇಟೆ ಹುಟ್ಟಿದ್ದೇ ಬಸ್ಸು ಬದಲಿಸುವವರು ನಿಂತು ನಿಂತು. ಮಳೆಗೆ ಕಾಯುತ್ತೇವೆ, ಮಳೆ ಬಿಡಲು ಕಾಯುತ್ತೇವೆ, ಅಡಿಕೆಗೆ ರೇಟು ಬರಲಿ ಎಂದು ಅಟ್ಟದಲ್ಲಿ ಮೂಟೆ ಇಟ್ಟು ಕಾಯುತ್ತೇವೆ, ಸರ್ವೆಯವರು ಬಂದು ಗಡಿ ಗುರುತು ಮಾಡಲಿ ಎಂದು ತಲೆಮಾರುಗಟ್ಟಲೆ ಕಾಯುತ್ತೇವೆ. ಆದರೆ ಬೇರೆಯವರ ಮನೆಯ ಮಗುವಿನ ರಿಸಲ್ಟಿಗೆ ಒಂದು ದಿನ ಬಾಯಿ ಮುಚ್ಚಿ ಕಾಯಲು ನಮ್ಮಿಂದ ಆಗುವುದಿಲ್ಲ. ಅದೊಂದು ಸ್ವಭಾವ.

ನಮ್ಮ ಕಾಲದ ಎಸ್ಸೆಸ್ಸೆಲ್ಸಿ ರಿಸಲ್ಟಿನಲ್ಲಿ ಈ ತೊಂದರೆ ಇರಲಿಲ್ಲ. ಪೇಪರಿನಲ್ಲಿ ನಂಬರು ಬರುತ್ತಿತ್ತು. ಬೆಳಗ್ಗಿನ ಬಸ್ಸಿನಿಂದ ಕಟ್ಟು ಬಿದ್ದದ್ದೇ ಅಂಗಡಿಯ ಮುಂದೆ ಇಪ್ಪತ್ತು ತಲೆ. ಪಾಸಾದವರ ನಂಬರು ಇರುತ್ತಿತ್ತು, ನಪಾಸಾದವರದ್ದು ಇರುತ್ತಿರಲಿಲ್ಲ, ಅಷ್ಟೇ. ನಪಾಸಾದವನಿಗೆ ಯಾರೂ ಕಾಗದ ಬರೆದು ವಿಷಾದ ಹೇಳುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಇಡೀ ಊರಿನ ಭವಿಷ್ಯ ತೀರ್ಮಾನವಾಗಿ, ಅದೇ ಪೇಪರಿನಲ್ಲಿ ಗೋಳಿಬಜೆ ಕಟ್ಟಿಕೊಡುತ್ತಿದ್ದರು. ಅಳುವವರು ಒಟ್ಟಿಗೆ ಅಳುತ್ತಿದ್ದರು, ನಗುವವರು ಒಟ್ಟಿಗೆ ನಗುತ್ತಿದ್ದರು.

ಈಗ ಹಾಗಲ್ಲ. ಒಂದೊಂದು ವಿಶ್ವವಿದ್ಯಾಲಯ ಒಂದೊಂದು ದಿನ, ಒಂದೊಂದು ಗಳಿಗೆಯಲ್ಲಿ ಬಾಯಿಬಿಡುತ್ತದೆ. ಫೆಬ್ರವರಿಯಿಂದ ಹುಡುಗಿ ಫೋನನ್ನು ಒಲೆಯ ದಂಡೆಯ ಮೇಲೂ ಬಿಟ್ಟು ಹೋಗುತ್ತಿರಲಿಲ್ಲ. 1960ರಲ್ಲಿ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಡುವ ಮುಂಚಿನ ತಳಮಳದಲ್ಲಿ 'ಯಯಾತಿ' ಬರೆದರು. ಅವರ ಕೈಯಲ್ಲಿ ಫೋನಿದ್ದಿದ್ದರೆ ಕನ್ನಡಕ್ಕೆ ಒಂದು ನಾಟಕ ಕಡಿಮೆಯಾಗುತ್ತಿತ್ತು ಎಂದು ನನಗೆ ಈಗ ಖಾತ್ರಿ. ನಮ್ಮ ಹುಡುಗಿ ಆ ಮೂರು ತಿಂಗಳಲ್ಲಿ ಬರೆದದ್ದು ಪಾಸ್‌ವರ್ಡ್ ಮಾತ್ರ.

ಹೊತ್ತಿನ ಲೆಕ್ಕ ಮನೆಮಂದಿಗೆಲ್ಲ ಬಾಯಿಪಾಠವಾಯಿತು. ಮಾರ್ಚ್ ಎರಡನೆಯ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅದಾದ ಮೇಲೆ ನ್ಯೂಯಾರ್ಕಿನ ಕಡೆ ಸಂಜೆ ಐದಕ್ಕೆ ಆಫೀಸು ಮುಚ್ಚುವಾಗ ನಮಗೆ ರಾತ್ರಿ ಎರಡೂವರೆ. ಕ್ಯಾಲಿಫೋರ್ನಿಯಾದ ಸಂಜೆ ಐದು ನಮ್ಮ ಬೆಳಗ್ಗಿನ ಐದೂವರೆ, ರಬ್ಬರ್ ಟ್ಯಾಪಿಂಗಿನವರು ಹಣೆಗೆ ಲೈಟು ಕಟ್ಟಿಕೊಂಡು ಮರ ಮರ ಸುತ್ತುವ ಹೊತ್ತು. ಗಡಿಯಾರ ತಿರುಗಿಸುವ ಸುದ್ದಿ ಕೇಳಿ ಅಮ್ಮ, "ಹಾಗಾದರೆ ಅಲ್ಲಿ ಕೋಳಿ ಎಂತ ಮಾಡುತ್ತದೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲೂ ಇದನ್ನು ನಿಲ್ಲಿಸಬೇಕೆನ್ನುವವರು ಬೇಕಾದಷ್ಟು ಮಂದಿ ಇದ್ದಾರೆ.

ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಮಾರ್ಚ್ ಕೊನೆ. ಸಂಜೆ ದೂರದಲ್ಲಿ ಗುಡುಗಿದ ಶಬ್ದ ಕೇಳಿದ್ದೇ ಅಪ್ಪ ಎದ್ದು ಟಿವಿ, ಫ್ರಿಜ್ಜು, ಪಂಪು, ಇಂಟರ್ನೆಟ್ಟಿನ ಪೆಟ್ಟಿಗೆ ಎಲ್ಲದರ ಪ್ಲಗ್ಗು ಕಿತ್ತರು. ನಮ್ಮಲ್ಲಿ ಇದು ಸಂಧ್ಯಾವಂದನೆಗಿಂತ ಕಟ್ಟುನಿಟ್ಟು. ಸಿಡಿಲಿಗೆ ಸುಟ್ಟ ಮೋಡೆಮ್ ಇಲ್ಲದ ಮನೆ ಈ ತಾಲೂಕಿನಲ್ಲಿ ಇಲ್ಲ. ಎಂಟಕ್ಕೆ ಕರೆಂಟೂ ಹೋಯಿತು. ರಾತ್ರಿ ಎರಡೂವರೆ ಕಳೆದಿತ್ತು, ಹುಡುಗಿ ನನ್ನ ಬಾಗಿಲು ತಟ್ಟಿದಳು. ಫೋನಿನಲ್ಲಿ ಒಂದು ಗೆರೆ ಸಿಗ್ನಲ್ಲಿನಲ್ಲಿ ಹೇಗೋ ಒಂದು ಇಮೇಲ್ ನುಸುಳಿ ಬಂದಿತ್ತು. 'ನಿಮ್ಮ ಅರ್ಜಿಯ ಸ್ಥಿತಿಯಲ್ಲಿ ಬದಲಾವಣೆಯಾಗಿದೆ, ಪೋರ್ಟಲ್ ನೋಡಿ.' ಬದಲಾವಣೆ ಏನು ಎಂದು ಅಲ್ಲೇ ಹೇಳಿದರೆ ಅವರ ಗಂಟು ಹೋಗುತ್ತಿತ್ತೇ? ಪೋರ್ಟಲ್ ತೆರೆದರೆ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ.

ನೆಟ್‌ವರ್ಕ್ ಸಿಗುವುದು ಮನೆಯ ಹಿಂದಿನ ರಬ್ಬರ್ ಗುಡ್ಡೆಯ ತುದಿಯ ಪಾದೆಯ ಮೇಲೆ. ಕೊರೋನಾ ಕಾಲದಲ್ಲಿ ಸುಳ್ಯ ತಾಲೂಕಿನ ಅರ್ಧ ಮಕ್ಕಳು ಓದಿದ್ದು ಇಂಥ ಗುಡ್ಡೆಗಳ ಮೇಲೆಯೇ. 2021ರ ಜೂನ್‌ನಲ್ಲಿ ಗುತ್ತಿಗಾರು ಕಡೆಯ ಬಳ್ಳಕದಲ್ಲಿ ಜಡಿಮಳೆಯಲ್ಲಿ ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವಾಗ ಅಪ್ಪ ಅವಳ ತಲೆಗೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತ್ತು, ನಿಮಗೆ ನೆನಪಿರಬಹುದು. ಆ ಪರಂಪರೆಯವರು ನಾವು. ಅವಳೊಂದು ಟಾರ್ಚು, ನಾನೊಂದು ಟಾರ್ಚು ಹಿಡಿದು ಗುಡ್ಡೆ ಹತ್ತಿದೆವು. ನಾಯಿಯೂ ಬಂತು, ಅದಕ್ಕೆ ಯಾವ ವಿಶ್ವವಿದ್ಯಾಲಯ ಎಂದು ಗೊತ್ತಿರಲಿಲ್ಲ.

ಓದುಗರಿಗೆ ಒಂದು ವಿಷಯ ತಿಳಿದಿರಬೇಕು. ಮಂಡೆಕೋಲು, ಜಾಲ್ಸೂರು ಕಡೆ ಗಡಿಯಾಚೆಯ ಕಾಡಿನಿಂದ ಆನೆ ಬರುತ್ತದೆ. ಬಂದರೆ ಬಾಳೆ, ತೆಂಗು, ಅಡಿಕೆ ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಅಪರಾತ್ರಿಯಲ್ಲಿ ಗುಡ್ಡೆಯ ಮೇಲೆ ಎರಡು ಟಾರ್ಚು ಓಡಾಡಿದರೆ ಅದಕ್ಕೆ ನಮ್ಮಲ್ಲಿ ಒಂದೇ ಅರ್ಥ. ರಬ್ಬರಿನವರು ಏಳಲು ಇನ್ನೂ ಎರಡು ಗಂಟೆ ಇತ್ತು. ತೋಡಿನ ಆಚೆ ಕರೆಯ ಮನೆಯವರು ಹೊರಗೆ ಬಂದವರು ಬೆಳಕು ನೋಡಿದರು. ನಾವು ಪಾದೆ ಹತ್ತಿ, ಹುಡುಗಿ ಪಾಸ್‌ವರ್ಡ್ ಹಾಕಿ, ಅದು ತಪ್ಪು ಎಂದು ಬಂದು, ಮತ್ತೆ ಹಾಕುತ್ತಿರುವಾಗ ಆಚೆಯಿಂದ ಢಂ ಎಂದು ಆನೆ ಓಡಿಸುವ ಗರ್ನಾಲು ಪಟಾಕಿಯೊಂದು ಹಾರಿತು.

ಗರ್ನಾಲಿಗೊಂದು ಶಿಷ್ಟಾಚಾರ ಉಂಟು. ಒಬ್ಬ ಹೊಡೆದರೆ ಆನೆ ಅವನ ತೋಟ ಬಿಟ್ಟು ಪಕ್ಕದವನ ತೋಟಕ್ಕೆ ಹೋಗುತ್ತದೆ. ಆದ್ದರಿಂದ ಪಕ್ಕದವನೂ ತಡಮಾಡದೆ ಹೊಡೆಯಬೇಕು. ಅವನ ಪಕ್ಕದವನೂ. ಎರಡು ನಿಮಿಷದಲ್ಲಿ ನಮ್ಮ ಗುಡ್ಡೆಯ ಸುತ್ತ ನಾಲ್ಕು ದಿಕ್ಕಿನಿಂದಲೂ ಗರ್ನಾಲು ಸಿಡಿಯಲು ಶುರುವಾಯಿತು. ನಾಯಿ ನನ್ನ ಕಾಲ ಸಂದಿಗೆ ನುಗ್ಗಿತು. ಯಾರೋ ಡಬ್ಬ ಬಡಿದರು. ದೂರದಲ್ಲಿ ಜೀಪು ಶುರುವಾದ ಸದ್ದು ಕೇಳಿತು. ಇದರ ನಡುವೆ ಪೋರ್ಟಲ್ ತೆರೆಯಿತು.

ಸೀಟು ಸಿಕ್ಕಿದರೆ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರುತ್ತವಂತೆ, ಕೆಲವು ಕಡೆ ಕಾಲೇಜಿನ ಹಾಡೂ ಬರುತ್ತದಂತೆ. ಕಾಗದದ ಚೂರು ಉದುರಲಿಲ್ಲ. ಮೊದಲ ಪ್ಯಾರಾದಲ್ಲಿ ಧನ್ಯವಾದ, ಎರಡನೆಯದರಲ್ಲಿ ಹೊಗಳಿಕೆ, ಮೂರನೆಯದರಲ್ಲಿ 'ಆದರೆ'. ಹುಡುಗಿ ಅದನ್ನು ಓದಿದಳು. ತಲೆ ಎತ್ತಿ ಆಕಾಶ ನೋಡಿದಳು. ಮೂಡು ದಿಕ್ಕಿನಲ್ಲಿ ಇನ್ನೊಂದು ಗರ್ನಾಲು ಕೆಂಪಾಗಿ ಸಿಡಿಯಿತು. "ಚಿಕ್ಕಪ್ಪ, ಇಷ್ಟು ಗೌಜಿಯಲ್ಲಿ ಯಾರೂ ರಿಜೆಕ್ಟ್ ಆಗಿರಲಿಕ್ಕಿಲ್ಲ" ಎಂದು ನಗಲು ಶುರು ಮಾಡಿದಳು. ಎರಡು ವಾರದಿಂದ ಅವಳು ನಕ್ಕಿರಲಿಲ್ಲ. ನಮ್ಮಿಬ್ಬರ ನಗು ಕೇಳಿ ಆಚೆ ಕರೆಯವರು "ಎಷ್ಟು ಉಂಟು ಮಾರಾಯ್ರೆ, ಮರಿಯೂ ಉಂಟಾ?" ಎಂದು ಬೊಬ್ಬೆ ಹಾಕಿ ಕೇಳಿದರು. ಆನೆ ಇಲ್ಲ, ಅಮೆರಿಕದ ರಿಸಲ್ಟು ಎಂದು ನಾನೂ ಬೊಬ್ಬೆ ಹಾಕಿದೆ. ಗರ್ನಾಲಿನ ಸದ್ದಿನಲ್ಲಿ ಅವರಿಗೆ ಎಷ್ಟು ಕೇಳಿತೋ, ಅಷ್ಟು ಬೆಳಗಾಗುವುದರೊಳಗೆ ಊರಿಗೆ ಮುಟ್ಟಿತು.

ನಮ್ಮಲ್ಲಿ ಸುದ್ದಿ ಮುಟ್ಟುವುದು ಹಾಲಿನ ಡಿಪೋದಿಂದ. ಬೆಳಗ್ಗೆ ಆರೂವರೆಗೆ ಕ್ಯಾನು ಹಿಡಿದು ನಿಂತವರು ಮೊದಲು ನಿಮ್ಮ ಹಾಲಿಗೆ ಫ್ಯಾಟ್ ಎಷ್ಟು ಬಂತು ಎಂದು ಕೇಳುತ್ತಾರೆ, ಆಮೇಲೆ ಉಳಿದದ್ದು. ಆವತ್ತು ಫ್ಯಾಟನ್ನು ಯಾರೂ ಕೇಳಲಿಲ್ಲ. "ಅಮೆರಿಕ ಆಯ್ತಂತೆ, ಭಾರೀ ಖುಷಿ ಆಯ್ತು" ಎಂದು ಒಬ್ಬರು ಕೈ ಕುಲುಕಿದರು. "ಆದರೂ ಅಷ್ಟು ಹೊತ್ತಿಗೆ ಪಟಾಕಿ ಬೇಡಿತ್ತು, ನಮ್ಮ ದನ ಹೆದರಿ ಹಾಲೇ ಬಿಡಲಿಲ್ಲ" ಎಂದು ಇನ್ನೊಬ್ಬರು ಆಕ್ಷೇಪವನ್ನೂ ಅಭಿನಂದನೆಯನ್ನೂ ಒಟ್ಟಿಗೆ ಸಲ್ಲಿಸಿದರು. ಅಣ್ಣ ಅಲ್ಲ ಅಲ್ಲ ಎಂದಷ್ಟೂ ಅವರು ಅದನ್ನು ವಿನಯ ಎಂದುಕೊಂಡರು. ಹತ್ತು ಗಂಟೆಗೆ ಸೊಸೈಟಿಗೆ ಹೋದರೆ ಅಲ್ಲೂ ಅದೇ. ಮಧ್ಯಾಹ್ನ ಅಡ್ಕಾರಿನಿಂದ ನೆಂಟರೊಬ್ಬರು ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು, "ಇವನಿಗೂ ಸ್ವಲ್ಪ ದಾರಿ ಹೇಳು ಮಗಾ" ಎಂದು ಹುಡುಗಿಯ ಎದುರು ಕೂರಿಸಿದರು. ಅವಳು ಎರಡು ಗಂಟೆ ಕೂತು, ರಿಜೆಕ್ಟಾದ ಹದಿನೆರಡು ತಾಸಿನೊಳಗೆ, ಅಡ್ಮಿಷನ್ ಪಡೆಯುವುದು ಹೇಗೆ ಎಂದು ಹೇಳಿಕೊಟ್ಟಳು. ಒಳ್ಳೆಯದಾಗಿಯೇ ಹೇಳಿಕೊಟ್ಟಳು.

ಅಪ್ಪ ಮಾತ್ರ ಯಾರನ್ನೂ ತಿದ್ದಲಿಲ್ಲ. ಜಗಲಿಯಲ್ಲಿ ಕೂತು ಬಂದವರ ಸಂತೋಷವನ್ನೆಲ್ಲ ಸ್ವೀಕರಿಸಿದರು. "ಹೇಗೂ ಒಂದಲ್ಲ ಒಂದು ಬರುತ್ತದೆ. ಅಡ್ವಾನ್ಸ್ ಆಗಿ ಇರಲಿ" ಎಂದರು.

ಸಂಜೆ ಅಮ್ಮ ಆ ಪತ್ರವನ್ನು ಕನ್ನಡದಲ್ಲಿ ಹೇಳಿಸಿಕೊಂಡರು. ಈ ವರ್ಷ ಎಂದಿಗಿಂತ ಹೆಚ್ಚು, ಎಂದಿಗಿಂತ ಉತ್ತಮ ಅರ್ಜಿಗಳು ಬಂದಿದ್ದವು, ನಿಮ್ಮ ಸಾಧನೆ ಮೆಚ್ಚುವಂಥದ್ದು, ಇದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ, ಸ್ಥಳಾವಕಾಶ ಕಡಿಮೆ, ಮುಂದಿನ ಪ್ರಯತ್ನಗಳಿಗೆ ಶುಭವಾಗಲಿ. ಅಪ್ಪ, "ಇಷ್ಟು ಹೊಗಳಿದ್ದಾನಲ್ಲ, ಸುಮ್ಮನೆ ಹೋಗಿ ನಿಂತರೆ ಸೇರಿಸಿಕೊಳ್ಳಲಿಕ್ಕಿಲ್ಲವಾ?" ಎಂದರು. ಅಮ್ಮನಿಗೆ ಒಂದೇ ಸಲಕ್ಕೆ ತಿಳಿಯಿತು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವರು ಅವರು. "ಜಾತಕ ಕೂಡಿಬರಲಿಲ್ಲ ಅಂತ ಬರೆದಿದ್ದಾರೆ. ಹುಡುಗನ ಕಡೆಯವರು ಮರ್ಯಾದಸ್ಥರು" ಎಂದು ಎದ್ದು ದೀಪ ಹಚ್ಚಲು ಹೋದರು.

ಹೌದು, ಅಲ್ಲ ಎಂಬ ಎರಡಲ್ಲದೆ ಈ ಪರೀಕ್ಷೆಯಲ್ಲಿ ಮೂರನೆಯ ಉತ್ತರವೂ ಉಂಟು: ವೇಟ್‌ಲಿಸ್ಟ್. ಬೇರೆಯವರು ಬಿಟ್ಟರೆ ನಿನ್ನನ್ನು ಕರೆಯುತ್ತೇವೆ, ಬಿಡದಿದ್ದರೆ ಇಲ್ಲ. ಇದನ್ನು ಊರಿಗೆ ವಿವರಿಸುವುದು ಬಹಳ ಕಷ್ಟ. ಬಸ್ಸಿನಲ್ಲಾದರೆ ನಿಂತುಕೊಂಡಾದರೂ ಹೋಗಬಹುದು. ಅದೇ ದಿನಗಳಲ್ಲಿ ಕುಟುಂಬದ ಮನೆಯಲ್ಲಿ ದೈವದ ನೇಮ ಇತ್ತು. ಅತ್ತಿಗೆ ದೈವದ ಮುಂದೆ ಕೈಮುಗಿದು ಮಗಳ ವಿದ್ಯೆಯ ವಿಷಯ ಅರಿಕೆ ಮಾಡಿಕೊಂಡರು. ನಂಬಿದ ಸಂಸಾರವನ್ನು ಕೈಬಿಡುವುದಿಲ್ಲ, ಕಾಲ ಕೂಡಿಬಂದಾಗ ನಡೆಸಿಕೊಡುತ್ತೇನೆ ಎಂದು ದೈವ ಅಭಯ ಕೊಟ್ಟಿತು. ಹುಡುಗಿ ಕೈಮುಗಿದುಕೊಂಡೇ ನನ್ನ ಕಡೆ ಬಾಗಿ ಪಿಸುದನಿಯಲ್ಲಿ, "ವೇಟ್‌ಲಿಸ್ಟ್" ಎಂದಳು.

ಏಪ್ರಿಲ್ ಮೊದಲ ವಾರ ನಿಜವಾಗಿಯೂ ಒಂದು ಕಡೆಯಿಂದ ಕರೆ ಬಂತು. ಅಮೆರಿಕವೇ. ಪರದೆಯ ಮೇಲೆ ಕಾಗದದ ಚೂರುಗಳೂ ಉದುರಿದವು, ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ಅತ್ತಿಗೆ ಹೋಳಿಗೆ ಮಾಡಿದರು. ಆದರೆ ಊರಿನಲ್ಲಿ ಆ ಸುದ್ದಿಗೆ ಮೂರು ಕಾಸಿನ ಬೆಲೆ ಸಿಗಲಿಲ್ಲ. "ಅದು ಗೊತ್ತುಂಟಲ್ಲ, ಆವತ್ತೇ ಗರ್ನಾಲು ಹೊಡೆದಿದ್ದೀರಿ" ಎಂದು ಎಲ್ಲರೂ ಹೋಳಿಗೆ ತಿಂದು ಹೋದರು.

ತೊಡಕು ಬಂದದ್ದು ಹಣದಲ್ಲಿ. ಸೀಟು ಕೊಟ್ಟಿದ್ದರು, ಸಹಾಯ ಕೊಟ್ಟಿರಲಿಲ್ಲ. ಅಣ್ಣ ಸಾಲಕ್ಕೆ ಬ್ಯಾಂಕಿಗೆ ಹೋದ. ಏಳೂವರೆ ಲಕ್ಷದ ತನಕ ಆಸ್ತಿಯ ಜಾಮೀನು ಬೇಡ, ಅದಕ್ಕಿಂತ ಮೇಲಾದರೆ ಬೇಕು. ಇಲ್ಲಿ ಬೇಕಾದದ್ದು ಅದಕ್ಕಿಂತ ಎಷ್ಟೋ ಮೇಲೆ. ತೋಟದ ಕಾಗದ ತನ್ನಿ ಎಂದರು. ಈಗ ನಮ್ಮ ಜಿಲ್ಲೆಯ ತೋಟವನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಣ್ಣಿಗೆ ಕಾಣುವ ತೋಟ ಬೇರೆ, ಪಹಣಿಯಲ್ಲಿ ಕಾಣುವ ತೋಟ ಬೇರೆ. ಹಳೆಯ ವರ್ಗ (ಪಟ್ಟಾ) ಜಾಗದ ಗಡಿಯಿಂದ 100 ಗಜದ ತನಕದ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ಹಕ್ಕು ರೈತನಿಗೆ ಬ್ರಿಟಿಷರ ಕಾಲದಿಂದ ಉಂಟು, ಅದು ಕುಮ್ಕಿ. ಸೊಪ್ಪು ತೆಗೆಯಲು ಹೋದ ಅಜ್ಜಂದಿರು ಅಲ್ಲೇ ನಾಲ್ಕು ಅಡಿಕೆ ಗಿಡ ಇಟ್ಟರು, ಅಪ್ಪಂದಿರು ನಾನೂರು ಇಟ್ಟರು. ಫಸಲು ನಮ್ಮದು, ನೆಲ ಸರ್ಕಾರದ್ದು. ಬ್ಯಾಂಕಿನ ಮ್ಯಾನೇಜರು ತೋಟ ನೋಡಲು ಬಂದು ತುದಿಯ ತನಕ ನಡೆದು, ಬೊಂಡ ಕುಡಿದು, "ಫಸ್ಟ್ ಕ್ಲಾಸ್ ತೋಟ" ಎಂದು ಶರಾ ಬರೆದರು. ಆಮೇಲೆ ಪಹಣಿ ಬಿಡಿಸಿ ಲೆಕ್ಕ ಹಾಕಿದರೆ, ಅವರು ಬೊಂಡ ಕುಡಿದ ಜಾಗವೇ ನಮ್ಮದಾಗಿರಲಿಲ್ಲ. ಇದ್ದದ್ದಕ್ಕೆ ಸಿಗುವ ಸಾಲದಲ್ಲಿ ವಿಮಾನ ಹತ್ತಬಹುದಿತ್ತು. ಇಳಿದ ಮೇಲೆ ಎಂತ ಮಾಡುವುದು?

ಬಿಸುವಿನ ದಿನ ಬೆಳಗ್ಗೆ ಕಣಿ ನೋಡಿ, ಹಿರಿಯರಿಗೆ ನಮಸ್ಕಾರ ಮಾಡಿ, ಹುಡುಗಿ ಫೋನು ತೆಗೆದು 'ಬರುವುದಿಲ್ಲ' ಎಂದು ಒತ್ತಿದಳು. ಮೊದಲಿನವರು ಅವಳನ್ನು ಬೇಡ ಎಂದಾಗ ಬರೆದಷ್ಟು ದೊಡ್ಡ ಪತ್ರವೇನೂ ಅವಳು ಇವರಿಗೆ ಬರೆಯಬೇಕಾಗಿರಲಿಲ್ಲ, ಒಂದು ಗುಂಡಿ ಸಾಕಿತ್ತು. ಆದರೂ ಎರಡು ಸಾಲು ಬರೆದಳು: ನಿಮ್ಮ ವಿಶ್ವವಿದ್ಯಾಲಯ ಮೆಚ್ಚುವಂಥದ್ದು, ಇದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ. ಕಳಿಸಿದಳೋ ಅಳಿಸಿದಳೋ ನನಗೆ ಗೊತ್ತಿಲ್ಲ.

ಸಿಗದೆ ಹೋಗದಿದ್ದರೆ ಊರಿಗೆ ಅರ್ಥವಾಗುತ್ತದೆ. ಸಿಕ್ಕಿಯೂ ಹೋಗದಿದ್ದರೆ ಅರ್ಥವಾಗುವುದಿಲ್ಲ. ಪುತ್ತೂರು ಜಾತ್ರೆಯ ಗದ್ದೆಯಲ್ಲಿ, ಬೆಡಿ ಹೊಡೆಯುವ ಗದ್ದಲದಲ್ಲೂ ಅಣ್ಣನನ್ನು ನಿಲ್ಲಿಸಿ ಕೇಳಿದರು: ವೀಸಾ ಆಗಲಿಲ್ಲವಾ? ಹುಡುಗಿಗೆ ಆರೋಗ್ಯ ಸಮ ಇಲ್ಲವಾ? ಎಲ್ಲಾದರೂ ಸಂಬಂಧ ಗೊತ್ತಾಯ್ತಾ? ಕುಮ್ಕಿ ಎಂದು ಹೇಳಿದ ಮೇಲೆ ಮಾತ್ರ ಎಲ್ಲರೂ ಒಮ್ಮೆಲೇ ತಣ್ಣಗಾದರು. ನಮ್ಮ ತಾಲೂಕುಗಳಲ್ಲಿ ಕುಮ್ಕಿ ಎಂದರೆ ಮುಂದೆ ಪ್ರಶ್ನೆ ಇಲ್ಲ. ಎಲ್ಲರ ಮನೆಯಲ್ಲೂ ಅದು ಉಂಟು.

ಮೇ ತಿಂಗಳಲ್ಲಿ ಪತ್ತನಾಜೆ ಬಂತು, ಮೇಳಗಳು ಗೆಜ್ಜೆ ಬಿಚ್ಚಿದವು, ದೈವಗಳು ವಿಶ್ರಾಂತಿಗೆ ಹೋದವು, ಅಮೆರಿಕದ ಬಾಗಿಲುಗಳೂ ಮುಚ್ಚಿದವು. ಆದರೆ ಹುಡುಗಿ ನಮಗೆ ಹೇಳದೆ ಜರ್ಮನಿಗೂ ಒಂದೆರಡು ಅರ್ಜಿ ಹಾಕಿದ್ದಳು. ಜರ್ಮನಿಗೆ ನಮ್ಮ ಪಂಚಾಂಗ ಗೊತ್ತಿಲ್ಲ. ಅವರ ಪತ್ರ ಬಂದದ್ದು ಜೂನಿನಲ್ಲಿ, ಜಿರಾಪತಿ ಮಳೆಯಲ್ಲಿ, ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಚಾಪೆ ಹಾಕಿದ ಹೊತ್ತಿಗೆ. ಅಲ್ಲಿ ಬೆಳಗ್ಗೆ ಹತ್ತು, ಯಾರೋ ಒಬ್ಬರು ಕಾಫಿ ಕುಡಿದು ಕಳಿಸಿರಬೇಕು. ಕರೆಂಟೂ ಇತ್ತು, ನೆಟ್ಟೂ ಇತ್ತು. ಹೊಗಳಿಕೆ ಇಲ್ಲ, ಕಾಗದದ ಚೂರು ಇಲ್ಲ, ಹಾಡಿಲ್ಲ. ನಿಮಗೆ ಪ್ರವೇಶ ಕೊಟ್ಟಿದೆ, ಇಂಥ ದಿನದೊಳಗೆ ಇಂಥಿಂಥ ಕಾಗದ ತನ್ನಿ, ಅಷ್ಟೇ. ಅಮ್ಮನಿಗೆ ಆ ಪತ್ರ ಬಹಳ ಹಿಡಿಸಿತು.

ಅಪ್ಪನಿಗೆ ಎರಡು ಅನುಮಾನ. ಮೊದಲನೆಯದು ಮಾರ್ಕಿನದ್ದು. ಹತ್ತಕ್ಕೆ 8.2 ತೆಗೆದ ಹುಡುಗಿಗೆ ಜರ್ಮನರು 1.9 ಎಂದು ಬರೆದಿದ್ದರು. ಅಲ್ಲಿ 1 ಎಂದರೆ ಬಹಳ ಒಳ್ಳೆಯದು, 4 ಎಂದರೆ ಹೇಗೋ ಪಾಸು, ನಮ್ಮ ಅಂಕವನ್ನು ಅದಕ್ಕೆ ಇಳಿಸಲು ಒಂದು ಸೂತ್ರವೇ ಉಂಟು ಎಂದು ಹೇಳಿದರೂ ಅವರಿಗೆ ಸಮಾಧಾನವಿಲ್ಲ. "ಹೇಗೂ ಇರಲಿ, 1.9ನ್ನು ಹೊರಗೆ ಹೇಳಬೇಡಿ" ಎಂದರು. ಎರಡನೆಯದು ಫೀಸಿನದ್ದು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಅಪ್ಪ ಇದನ್ನು ನಂಬಲು ತಯಾರಿರಲಿಲ್ಲ. ಫೀಸಿಲ್ಲದ ಇಂಜಿನಿಯರಿಂಗ್ ಕಾಲೇಜನ್ನು ಅವರು ತಮ್ಮ ಜನ್ಮದಲ್ಲಿ ಕಂಡಿಲ್ಲ. ಒಂದು ವರ್ಷದ ಊಟ ವಸತಿಯ ಖರ್ಚೆಂದು 11,904 ಯೂರೋ ಅಲ್ಲಿನ ಖಾತೆಯಲ್ಲಿ ಮುಂಗಡ ಇಡಬೇಕು, ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬಿಡುತ್ತಾರೆ ಎಂದು ತಿಳಿದಾಗ ಅವರ ಮುಖಕ್ಕೆ ಕಳೆ ಬಂತು. "ಹಾಗೆ ಹೇಳು. ಮಕ್ಕಳ ಕೈಗೆ ಒಟ್ಟಿಗೆ ದುಡ್ಡು ಕೊಡಬಾರದು. ಅವರಿಗೆ ವ್ಯವಹಾರ ಗೊತ್ತುಂಟು." ಅಟ್ಟದಲ್ಲಿ ರೇಟಿಗೆ ಕಾಯುತ್ತಿದ್ದ ಮೂಟೆಗಳು ಆ ವಾರವೇ ಇಳಿದವು, ಉಳಿದದ್ದನ್ನು ಏಳೂವರೆ ಲಕ್ಷದೊಳಗೆ ಬ್ಯಾಂಕು ಕೊಟ್ಟಿತು. ಪಹಣಿ ಯಾರೂ ಕೇಳಲಿಲ್ಲ.

ಹುಡುಗಿ ಸೆಪ್ಟೆಂಬರ್ ಕೊನೆಯಲ್ಲಿ ಹೋದಳು. ಜಾಲ್ಸೂರು ಪೇಟೆಯಲ್ಲಿ ಇವತ್ತಿಗೂ ಅವಳು ಅಮೆರಿಕದಲ್ಲಿದ್ದಾಳೆ. ಜರ್ಮನಿ ಎಂದು ತಿದ್ದಿದರೆ, "ಟ್ರಾನ್ಸ್‌ಫರ್ ಆಯ್ತಾ?" ಎಂದು ಕೇಳುತ್ತಾರೆ. ಮೊದಲ ಸುದ್ದಿಗೆ ಗರ್ನಾಲಿನ ಬಲವಿತ್ತು, ಎರಡನೆಯದಕ್ಕೆ ಇರಲಿಲ್ಲ.

ಈ ಸಲದ ಚಂಪಾಷಷ್ಠಿಗೆ ತೋಡಿನ ಆಚೆ ಕರೆಯ ಮನೆಯ ಹುಡುಗ ಅರ್ಜಿ ಹಾಕಿದ್ದಾನೆ. ಆದ್ದರಿಂದ ಜಾಲ್ಸೂರು, ಕನಕಮಜಲು, ಮಂಡೆಕೋಲು ಕಡೆಯ ಎಲ್ಲರಲ್ಲಿ ಒಂದು ವಿನಂತಿ. ಫೆಬ್ರವರಿಯಿಂದ ಬಿಸುವಿನ ತನಕ ಅವನನ್ನು ಬಸ್ ಸ್ಟ್ಯಾಂಡಿನಲ್ಲೋ ಹಾಲಿನ ಡಿಪೋದಲ್ಲೋ ಕಂಡರೆ ಅಡಿಕೆಯ ರೇಟು ಕೇಳಿ, ಎಲೆಚುಕ್ಕಿ ರೋಗ ಕೇಳಿ, ಮದುವೆ ಯಾವಾಗ ಎಂದು ಬೇಕಾದರೂ ಕೇಳಿ. ಅಡ್ಮಿಷನ್ ಎಂತಾಯ್ತು ಎಂದು ಮಾತ್ರ ಕೇಳಬೇಡಿ. ಆಯಿತೆಂದಾದರೆ ಅವನೇ ಓಡಿಬಂದು ಹೇಳುತ್ತಾನೆ. ಆಗದಿದ್ದರೂ ಹೇಳುತ್ತಾನೆ, ನಾಲ್ಕು ದಿನ ತಡವಾಗಿ. ರಾತ್ರಿ ಗುಡ್ಡೆಯ ಮೇಲೆ ಟಾರ್ಚು ಕಂಡರೆ ಗರ್ನಾಲಿಗೆ ಬೆಂಕಿ ಕೊಡುವ ಮೊದಲು ಒಂದು ಫೋನು ಮಾಡಿ. ಪಾದೆಯ ಮೇಲೆ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ.